ದುಡಿಯುವ ಕಾಲಿಗೆ ಎಂಥ ಬೂಟು?

ಬೆಂಡೆಕಾಯಿ ಕೊಳ್ಳುವಾಗ ನಾವು ತುದಿ ಮುರಿದು ನೋಡುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೇವೆ. ಮಡಕೆಯನ್ನು ಬೆರಳಿನಿಂದ ಬಡಿದು ನಾದ ಕೇಳುತ್ತೇವೆ. ಆದರೆ ಮನೆಯ ಹುಡುಗನೊಬ್ಬ ಕೆಲಸಕ್ಕೆ ಸೇರಿ, ಅವನಿಗೆ ದಪ್ಪ ಬೂಟು ಬೇಕೆಂದಾಗ ಮಾತ್ರ ಅಂಗಡಿಗೆ ಹೋಗಿ, "ಗಟ್ಟಿಯಾದದ್ದೊಂದು ಕೊಡಿ" ಎಂದು ಹೇಳಿ, ಅವರು ಕೊಟ್ಟದ್ದನ್ನು ಕಟ್ಟಿಸಿಕೊಂಡು ಬರುತ್ತೇವೆ. ದಿನಕ್ಕೆ ಎಂಟು ಹತ್ತು ಗಂಟೆ ಕಾಲನ್ನು ಹಿಡಿದಿಡುವ ವಸ್ತುವಿಗೆ ಬೆಂಡೆಕಾಯಿಗೆ ದೊರೆತಷ್ಟು ವಿಚಾರಣೆಯೂ ದೊರೆಯುವುದಿಲ್ಲ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ನಮ್ಮ ಹಳ್ಳಿಗಳಲ್ಲಿ ಮಳೆ ಬಂದು ದಾರಿ ಕೆಸರಾದರೆ ಜೋಡನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವ ರೂಢಿ. ಅಲ್ಲಿ ಕಾಲು ಜೋಡನ್ನು ಕಾಪಾಡಬೇಕು, ಜೋಡು ಕಾಲನ್ನಲ್ಲ. ಕೆಸರು ತೊಳೆದರೆ ಹೋಗುತ್ತದೆ, ಜೋಡು ಕೆಟ್ಟರೆ ಹಣ ಹೋಗುತ್ತದೆ ಎಂಬ ಲೆಕ್ಕಾಚಾರ ಅಲ್ಲಿಗೆ ಸರಿಯಾದದ್ದೇ. ಹೊಟ್ಟೆಪಾಡಿಗಾಗಿ ಹೊರನಾಡಿಗೆ ಬಂದವರಿಗೆ ಮಾತ್ರ ಆ ಲೆಕ್ಕ ಸಾಲದು. ಬಿಜಾಪುರ, ಕಲಬುರ್ಗಿಗಳ ಕಡೆಯಿಂದ ಬಂದು ಮುಂಬಯಿ, ಪುಣೆಗಳಲ್ಲಿ ಕಟ್ಟಡ ಕಟ್ಟುವವರಿದ್ದಾರೆ. ಬಂದರಿನಲ್ಲಿ, ಶೀತಲಗೃಹಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವವರಿದ್ದಾರೆ. ಓದಿ ಇಂಜಿನಿಯರಾದ ಹುಡುಗರು ಹಿಮಾಲಯದ ಸುರಂಗಗಳಿಗೂ ಜಲವಿದ್ಯುತ್ ಯೋಜನೆಗಳಿಗೂ ಹೋಗುತ್ತಾರೆ. ಇವರೆಲ್ಲರ ಕಾಲಿಗೆ ಬೇಕಾದ ಬೂಟು ಒಂದೇ ಅಲ್ಲ. ಯಾರಿಗೆ ಯಾವುದು ಎಂಬುದನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೂರು ಶತ್ರುಗಳು

ದುಡಿಯುವ ಕಾಲಿಗೆ ಮುಖ್ಯವಾಗಿ ಮೂವರು ಶತ್ರುಗಳು: ಮೇಲಿನಿಂದ ಬೀಳುವ ಭಾರ, ಒಳಗೆ ನುಗ್ಗುವ ನೀರು, ಕೆಳಗಿನಿಂದ ಏರುವ ಚಳಿ. ಒಂದೊಂದು ಕೆಲಸದಲ್ಲಿ ಇವರಲ್ಲಿ ಒಬ್ಬನೋ ಇಬ್ಬರೋ ಇರುತ್ತಾರೆ. ಮೂವರೂ ಒಟ್ಟಿಗೆ ಸೇರುವ ಜಾಗಗಳೂ ಉಂಟು.

ರೋಹತಾಂಗ್ ಕಣಿವೆಯ ಕೆಳಗೆ ಕೊರೆದ ಅಟಲ್ ಸುರಂಗವನ್ನೇ ನೋಡಿ. 9.02 ಕಿಲೋಮೀಟರ್ ಉದ್ದದ ಈ ಸುರಂಗ ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿಗೂ ಎತ್ತರದಲ್ಲಿದೆ. 2010ರಲ್ಲಿ ಪ್ರಾರಂಭವಾದ ಕೆಲಸ ಮುಗಿದು ಸಂಚಾರಕ್ಕೆ ತೆರೆದದ್ದು 2020ರ ಅಕ್ಟೋಬರ್ 3ರಂದು. ಸೇರಿ ನಾಲಾ ಎಂಬ ತೊರೆಯ ಅಡಿಯಲ್ಲಿ ಬಂಡೆ ಸಡಿಲವಾಗಿ, ನೀರು ಒಳಕ್ಕೆ ಹರಿದು, ಕೆಲಸ ವರ್ಷಗಟ್ಟಲೆ ಕುಂಟಿತು. ಅಂಥ ಕಡೆ ತಲೆಯ ಮೇಲೆ ಸಡಿಲ ಕಲ್ಲು, ಕಾಲ ಕೆಳಗೆ ತಣ್ಣನೆಯ ನೀರು, ಹೊರಗೆ ಬಂದರೆ ಹಿಮ. ಇಂಥ ಜಾಗಕ್ಕೆ ಹೋಗುವವನಿಗೆ ಬೆರಳಿಗೆ ಕವಚವಿರುವ, ನೀರು ಹೋಗದ, ಚಳಿ ತಡೆಯುವ ಬೂಟು ಬೇಕೇ ಬೇಕು.

ಇನ್ನೊಂದು ಜಾಗ ನಮ್ಮ ನಗರಗಳಲ್ಲೇ ಇದೆ. ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ಹೊರಗೆ ಬೆವರು ಸುರಿಯುತ್ತಿದ್ದರೂ ಶೀತಲಗೃಹದ ಬಾಗಿಲು ದಾಟಿದರೆ ಒಳಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ. ಹೆಪ್ಪುಗಟ್ಟಿಸಿದ ಆಹಾರವನ್ನಿಡಲು ಎಲ್ಲ ದೇಶಗಳೂ ಒಪ್ಪಿದ ಮಟ್ಟ ಅದು. ಮೀನು, ಸೀಗಡಿಗಳನ್ನು ಬೇಗನೆ ಗಟ್ಟಿಗೊಳಿಸುವ ಕೋಣೆಗಳಲ್ಲಿ ಚಳಿ ಸೊನ್ನೆಗಿಂತ 35, 40 ಡಿಗ್ರಿ ಕೆಳಗೂ ಹೋಗುತ್ತದೆ. ಅಲ್ಲಿ ಕಲ್ಲಿನಷ್ಟು ಗಟ್ಟಿಯಾದ ಪೆಟ್ಟಿಗೆಗಳನ್ನು ಎತ್ತಿ ಇಳಿಸಬೇಕು. ಸಾವಿರಾರು ಕಿಲೋ ಹೊತ್ತ ಕೈಗಾಡಿ ಪಕ್ಕದಲ್ಲೇ ಓಡಾಡುತ್ತಿರುತ್ತದೆ. ರಾತ್ರಿಪಾಳಿ ಮುಗಿಸಿ ಬಂದ ಮಗ "ಕಾಲು ಜೋಮು ಹಿಡಿದಿದೆ" ಎಂದರೆ ತಾಯಿ ಎಣ್ಣೆ ಕಾಯಿಸಿ ತಿಕ್ಕಲು ಕೂಡುತ್ತಾಳೆ. ಆದರೆ ಜೋಮು ಹಿಡಿದ ಕಾಲಿಗೆ ಬಿಸಿಯ ಅರಿವಿರುವುದಿಲ್ಲವಾದ್ದರಿಂದ ಸುಟ್ಟರೂ ತಿಳಿಯದು. ಚಳಿಗೆ ಕೆಟ್ಟ ಚರ್ಮವನ್ನು ತಿಕ್ಕಿದರೆ ಇನ್ನಷ್ಟು ಕೆಡುತ್ತದೆ. ಒಣಬಟ್ಟೆ ಸುತ್ತಿ ಮೆಲ್ಲಗೆ ಬೆಚ್ಚಗಾಗಿಸಬೇಕು. ಬಣ್ಣ ಬಿಳಿಚಿ ಸ್ಪರ್ಶವೇ ತಿಳಿಯದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಇಷ್ಟರವರೆಗೆ ಬಾರದಂತೆ ತಡೆಯುವುದೇ ಬೂಟಿನ ಕೆಲಸ.

ಭಾರವನ್ನು ತಡೆಯುವ ಚಿಪ್ಪು

ಈ ಬೂಟುಗಳ ಮುಂಭಾಗದಲ್ಲಿ, ಚರ್ಮದ ಒಳಗಡೆ, ಬೆರಳುಗಳ ಮೇಲೆ ಆಮೆಯ ಬೆನ್ನಿನಂಥ ಒಂದು ಚಿಪ್ಪು ಇರುತ್ತದೆ. ಉಕ್ಕಿನದಾಗಿರಬಹುದು, ನಾರು ಸೇರಿಸಿ ಎರಕ ಹೊಯ್ದ ಗಟ್ಟಿ ಪ್ಲಾಸ್ಟಿಕ್ಕಿನದೂ ಆಗಿರಬಹುದು. ಭಾರತೀಯ ಮಾನಕ ಐ.ಎಸ್. 15298, ಭಾಗ 2ರ ಪ್ರಕಾರ ಅದು 200 ಜೂಲ್ ಪೆಟ್ಟನ್ನು ತಾಳಬೇಕು. 20 ಕಿಲೋಗ್ರಾಂ ತೂಕದ ವಸ್ತು ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದರೆ ಆಗುವ ಪೆಟ್ಟು ಅದು. ಒಂದೂವರೆ ಟನ್ನಿನಷ್ಟು ಭಾರದಿಂದ ಮೆಲ್ಲನೆ ಅದುಮಿದರೂ ಒಳಗೆ ಬೆರಳುಗಳಿಗೆ ಜಾಗ ಉಳಿದಿರಬೇಕು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಅದೇ ಮಾನಕದ ಭಾಗ 3ರ ಬೂಟು 100 ಜೂಲ್ ಪೆಟ್ಟನ್ನು ಮಾತ್ರ ತಾಳುವಂಥದು. ಭಾಗ 4ರ ಬೂಟಿಗೆ ಚಿಪ್ಪಿರಬೇಕೆಂಬ ಕಡ್ಡಾಯವೇ ಇಲ್ಲ. ಆದುದರಿಂದ ಸಂಖ್ಯೆಯನ್ನು ಕಂಡೊಡನೆ ಸಮಾಧಾನಪಡದೆ ಭಾಗ ಯಾವುದೆಂದು ಓದಬೇಕು. ಬೂಟಿನ ನಾಲಗೆಯ ಮೇಲೋ ಒಳಬದಿಯಲ್ಲೋ ಐ.ಎಸ್.ಐ. ಮುದ್ರೆ, ಪರವಾನಗಿ ಸಂಖ್ಯೆ, ತಯಾರಾದ ಕಾಲ ಇವೆಲ್ಲ ಇರುತ್ತವೆ. ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರವಾನಗಿ ಸಂಖ್ಯೆಯನ್ನು ಹಾಕಿ ಅದು ನಿಜವೋ ಸುಳ್ಳೋ ಎಂದು ಅಂಗಡಿಯಲ್ಲಿ ನಿಂತೇ ನೋಡಬಹುದು.

ಉಕ್ಕು ಒಳ್ಳೆಯದೋ ಪ್ಲಾಸ್ಟಿಕ್ ಒಳ್ಳೆಯದೋ ಎಂಬ ಚರ್ಚೆ ಯಾವಾಗಲೂ ನಡೆಯುತ್ತಿರುತ್ತದೆ. ಒಂದೇ ಪರೀಕ್ಷೆಯನ್ನು ಎರಡೂ ಗೆದ್ದಿದ್ದರೆ ಭಾರದ ಮಟ್ಟಿಗೆ ಭೇದವಿಲ್ಲ. ಉಕ್ಕಿನ ಚಿಪ್ಪು ತೆಳು, ಆದರೆ ತೂಕ ಹೆಚ್ಚು. ಶಾಖವನ್ನು ಬೇಗ ಹೊರಗೆ ಸಾಗಿಸುತ್ತದೆ. ಆದ್ದರಿಂದ ಶೀತಲಗೃಹದಲ್ಲಿ ಗಂಟೆಗಟ್ಟಲೆ ನಿಲ್ಲುವವನಿಗೆ ಲೋಹವಿಲ್ಲದ್ದು ಮೇಲು. ಯಾವುದೇ ಆಗಲಿ, ಒಮ್ಮೆ ದೊಡ್ಡ ಪೆಟ್ಟು ತಿಂದ ಬೂಟನ್ನು ಮತ್ತೆ ತೊಡಬಾರದು. ಹೊರಗೆ ಚರ್ಮ ಹರಿಯದಿದ್ದರೂ ಒಳಗಿನ ಚಿಪ್ಪು ಕುಗ್ಗಿಯೋ ಬಿರಿದೋ ಇರಬಹುದು.

ನೀರು ಹೋಗದ್ದು ಬೇರೆ, ನೀರು ತಾಳುವುದು ಬೇರೆ

ಅಂಗಡಿಯಲ್ಲಿ ಹೆಚ್ಚಾಗಿ ಮೋಸಹೋಗುವುದು ಈ ವಿಷಯದಲ್ಲಿ. ಬೂಟಿನ ಮೇಲೆ 'ಎಸ್-2', 'ಎಸ್-3' ಎಂದು ಅಚ್ಚಾಗಿದ್ದರೆ "ವಾಟರ್‌ಪ್ರೂಫ್ ಸಾಬ್" ಎಂದು ಅಂಗಡಿಯವರು ಹೇಳಿಬಿಡುತ್ತಾರೆ. ಆ ಗುರುತಿನ ನಿಜವಾದ ಅರ್ಥ ಅಷ್ಟು ದೂರ ಹೋಗುವುದಿಲ್ಲ. ಬೂಟಿನ ಮೇಲ್ಚರ್ಮದ ಒಂದು ತುಂಡು ಒಂದು ಗಂಟೆಯ ಕಾಲ ನೀರನ್ನು ತಡೆಯಿತು ಎಂದಷ್ಟೆ ಅದರ ಅರ್ಥ. ನೀರು ನುಗ್ಗುವುದು ಚರ್ಮದ ನಡುವಿನಿಂದಲ್ಲ, ಹೊಲಿಗೆಯ ತೂತುಗಳಿಂದ. ಹುಲ್ಲು ಹೊದಿಸಿದ ಮನೆಯಲ್ಲಿ ಸೋರುವುದು ಕೂಡುಗಳಲ್ಲಲ್ಲವೇ?

ಇಡೀ ಬೂಟೇ ನೀರಿನ ಪರೀಕ್ಷೆಯನ್ನು ಗೆದ್ದಿದ್ದರೆ 'ಡಬ್ಲ್ಯು.ಆರ್.' ಎಂಬ ಗುರುತು ಇರುತ್ತದೆ. 2022ರ ಅಂತರರಾಷ್ಟ್ರೀಯ ಮಾನಕದಲ್ಲಿ ಇಂಥ ಬೂಟುಗಳಿಗೆ 'ಎಸ್-6', 'ಎಸ್-7' ಎಂಬ ಪ್ರತ್ಯೇಕ ದರ್ಜೆಗಳನ್ನೇ ಕೊಟ್ಟರು. ಇವುಗಳ ಒಳಗೆ ಸಾಮಾನ್ಯವಾಗಿ ಒಂದು ತೆಳುವಾದ ಪೊರೆಯ ಕಾಲುಚೀಲವಿರುತ್ತದೆ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಎಂಬವರು ಟೆಫ್ಲಾನ್ ಜಾತಿಯ ಕಡ್ಡಿಯೊಂದನ್ನು ಕಾಯಿಸಿ ಥಟ್ಟನೆ ಎಳೆದಾಗ ಅದು ಹರಿಯದೆ ಹಿಗ್ಗಿ, ಕಣ್ಣಿಗೆ ಕಾಣದ ರಂಧ್ರಗಳ ಬಲೆಯಾಯಿತು. ನೀರಿನ ಹನಿಗೆ ಆ ರಂಧ್ರ ಬಹಳ ಕಿರಿದು. ಬೆವರಿನ ಆವಿಗೆ ಸಾಕಷ್ಟು ಹಿರಿದು. ಇಂದಿನ ಒಳ್ಳೆಯ ನೀರುತಡೆ ಬೂಟುಗಳು ಅನೇಕ ಈ ತತ್ವವನ್ನು ಅವಲಂಬಿಸಿವೆ.

ಆದರೆ ಮೊಣಕಾಲಿನವರೆಗೆ ನೀರಿನಲ್ಲೇ ನಿಂತು ಮಾಡುವ ಕೆಲಸವಾದರೆ ಇಷ್ಟು ಬೆಲೆಯ ಪೊರೆಯೂ ಬೇಡ, ಚರ್ಮವೂ ಬೇಡ. ಬೆರಳಿಗೆ ಉಕ್ಕಿನ ಚಿಪ್ಪು, ಅಂಗಾಲಿಗೆ ಮೊಳೆ ಚುಚ್ಚದಂತೆ ಉಕ್ಕಿನ ಹಾಳೆ ಇರುವ ಗಂಬೂಟೇ ಸಾಕು. ಹಸಿ ಕಾಂಕ್ರೀಟಿನಲ್ಲಿ ನಿಲ್ಲುವವರಿಗಂತೂ ಇದು ಅವಶ್ಯ. ಹಸಿ ಸಿಮೆಂಟು ಸುಣ್ಣದಂತೆ ಕ್ಷಾರ. ಒದ್ದೆಯಾದ ಬೂಟಿನೊಳಗೆ ಹೊಕ್ಕು ಮೆತ್ತಿಕೊಂಡರೆ ಮೊದಲು ನೋಯದೆಯೇ ಸಂಜೆಯ ಹೊತ್ತಿಗೆ ಚರ್ಮವನ್ನು ಸುಟ್ಟಿರುತ್ತದೆ. ಶೀತಲಗೃಹಕ್ಕೆ ಮಾತ್ರ ಅಗ್ಗದ ಪಿ.ವಿ.ಸಿ. ಗಂಬೂಟು ಸಲ್ಲದು. ಚಳಿಗೆ ಅದು ಸೆಟೆದು ಬಿರಿಯುತ್ತದೆ, ಜಾರುತ್ತದೆ. ಅಲ್ಲಿಗೆ ಪಾಲಿಯುರಿಥೇನಿನ ಗಂಬೂಟು ತಕ್ಕದ್ದು. ಅದರ ಮೈಯಲ್ಲಿ ಗಾಳಿಯ ಸಣ್ಣ ಗುಳ್ಳೆಗಳಿರುವುದರಿಂದ ಚಳಿಯನ್ನೂ ತಡೆಯುತ್ತದೆ.

ಚಳಿ ಏರುವುದು ಕೆಳಗಿನಿಂದ

ಬೂಟಿನಲ್ಲಿ ಬೆಚ್ಚಗಿಡುವುದು ಉಣ್ಣೆಯೂ ಅಲ್ಲ, ಹತ್ತಿಯೂ ಅಲ್ಲ. ಅವುಗಳ ಎಳೆಗಳ ನಡುವೆ ಸಿಕ್ಕಿಬಿದ್ದು ಅಲ್ಲಾಡದೆ ನಿಂತ ಗಾಳಿ. ಆ ಗಾಳಿಯ ಜಾಗಕ್ಕೆ ನೀರು ಬಂದರೆ ಎಲ್ಲವೂ ತಲೆಕೆಳಗು. ನಿಂತ ಗಾಳಿಗಿಂತ ನೀರು ಸುಮಾರು 24 ಪಾಲು ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಹೊರಗಿನ ನೀರಾದರೂ ಅಷ್ಟೆ, ಒಳಗಿನ ಬೆವರಾದರೂ ಅಷ್ಟೆ.

ಆದುದರಿಂದಲೇ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಒಣ ಕೋಣೆಗಿಂತ, 4 ಡಿಗ್ರಿಯ ಒದ್ದೆ ನೆಲದ ಮೀನಿನ ಕೋಣೆ ಕೆಲವೊಮ್ಮೆ ಹೆಚ್ಚು ಕೆಡುಕು ಮಾಡೀತು. 1914-18ರ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂಗಳ ಕಂದಕಗಳಲ್ಲಿ ನಿಂತ ಸಾವಿರಾರು ಸೈನಿಕರ ಕಾಲುಗಳು ಕೆಟ್ಟದ್ದು ಹೀಗೆಯೇ. ನೀರು ಹೆಪ್ಪುಗಟ್ಟುವಷ್ಟು ಚಳಿ ಅದಕ್ಕೆ ಬೇಕಾಗಿರಲಿಲ್ಲ. ತಣ್ಣನೆಯ ಕೆಸರು, ಬಿಗಿಯಾದ ಬೂಟು, ದಿನಗಟ್ಟಲೆ ಬಿಚ್ಚದ ಕಾಲುಚೀಲ ಇಷ್ಟೇ ಸಾಕಾಯಿತು. ಇಂಗ್ಲಿಷರು ಅದನ್ನು 'ಟ್ರೆಂಚ್ ಫುಟ್' ಎಂದು ಕರೆದರು.

ಚಳಿತಡೆಯ ಗುರುತು 'ಸಿ.ಐ.' ಎಂಬುದು. ಸೊನ್ನೆಗಿಂತ 17 ಡಿಗ್ರಿ ಕೆಳಗಿನ ಚಳಿಯಲ್ಲಿ ಬೂಟನ್ನು ಅರ್ಧ ಗಂಟೆ ಇಟ್ಟಾಗ ಒಳಗಿನ ಅಟ್ಟೆಯ ಶಾಖ 10 ಡಿಗ್ರಿಗಿಂತ ಹೆಚ್ಚು ಇಳಿಯಬಾರದು ಎಂಬುದು ಅದರ ಪರೀಕ್ಷೆ. ಇದು ಅಟ್ಟೆಗೆ ಸಂಬಂಧಿಸಿದ್ದೆಂಬುದನ್ನು ಮರೆಯಬಾರದು; ಮೇಲ್ಭಾಗದ ಬೆಚ್ಚಗಿನ ಪದರ ಬೇರೆ ಲೆಕ್ಕ. ಥಿನ್ಸುಲೇಟಿನಂಥ ನವಿರು ಎಳೆಗಳ ಪದರವನ್ನು ಗ್ರಾಂಗಳಲ್ಲಿ ಹೇಳುತ್ತಾರೆ. 200, 400, 800 ಗ್ರಾಂ ಎಂದರೆ ಒಂದು ಚದರ ಮೀಟರ್ ಪದರದ ತೂಕ. ನಡೆದಾಡುತ್ತ, ಹೊರುತ್ತ ಇರುವವನಿಗೆ ಕಡಿಮೆ ಗ್ರಾಮಿನದೇ ಸಾಕು. ಹೆಚ್ಚಿನದಾದರೆ ಬೆವರುತ್ತಾನೆ, ಆ ಬೆವರೇ ಆಮೇಲೆ ತಣ್ಣಗಾಗುತ್ತದೆ. ಒಂದೇ ಕಡೆ ನಿಂತು ಎಣಿಸುವವನಿಗೆ, ಗಾಡಿಯ ಮೇಲೆ ಕುಳಿತು ನಡೆಸುವವನಿಗೆ ಹೆಚ್ಚಿನದು ಬೇಕು. ಅಟ್ಟೆಯ ಹಿಡಿತವನ್ನೂ ನೋಡಬೇಕು. 'ಎಸ್.ಆರ್.ಸಿ.' ಎಂಬ ಗುರುತು ಸಾಬೂನು ನೀರಿನ ಹಂಚಿನ ಮೇಲೂ, ಗ್ಲಿಸರಿನ್ ಸವರಿದ ಉಕ್ಕಿನ ಮೇಲೂ ಪರೀಕ್ಷಿಸಿದ್ದನ್ನು ಹೇಳುತ್ತದೆಯೇ ಹೊರತು ಮಂಜುಗಡ್ಡೆಯ ಮೇಲಿನ ನಡಿಗೆಗೆ ಭರವಸೆ ಕೊಡುವುದಿಲ್ಲ.

ಇಲ್ಲೇ ಒಂದು ಅಪಾಯದ ಮಾತು. 'ಇನ್ಸುಲೇಟೆಡ್' ಎಂಬ ಒಂದೇ ಶಬ್ದ ಚಳಿತಡೆಗೂ ಸಲ್ಲುತ್ತದೆ, ವಿದ್ಯುತ್ ತಡೆಗೂ ಸಲ್ಲುತ್ತದೆ. ಚಳಿಗಾಗಿ ಮಾಡಿದ ಬೂಟನ್ನು ನಂಬಿ ತಂತಿಯ ಕೆಲಸಕ್ಕೆ ಇಳಿಯಕೂಡದು. 'ಆ್ಯಂಟಿಸ್ಟ್ಯಾಟಿಕ್' ಎಂದು ಬರೆದಿರುವ ಬೂಟಂತೂ ಮೈಯಲ್ಲಿ ಕೂಡಿದ ವಿದ್ಯುತ್ತನ್ನು ನೆಲಕ್ಕೆ ಇಳಿಸಲೆಂದೇ ಮಾಡಿದ್ದು. ವಿದ್ಯುತ್ ಕೆಲಸದವರಿಗೆ ಅದಕ್ಕೆಂದೇ ಪರೀಕ್ಷಿಸಿದ ಬೂಟು ಬೇರೆಯೇ ಇದೆ.

ಹಾಗೆಯೇ, ದುಬಾರಿಯಾದದ್ದೇ ಒಳ್ಳೆಯದೆಂದು ಮುಂಬಯಿಯ ಮಳೆಗಾಲಕ್ಕೆ ಚಳಿತಡೆ ಬೂಟು ಕೊಡಿಸುವುದೂ ತಪ್ಪು. ಅಲ್ಲಿಯ ಮಳೆ ತಣ್ಣಗಿರುವುದಿಲ್ಲ. ಆ ಸೆಕೆಯಲ್ಲಿ ಉಣ್ಣೆಯ ಪದರದೊಳಗೆ ಕಾಲು ಬೆಂದು, ಬೆರಳುಗಳ ಸಂದಿ ಹುಳಿತು, ನಂಜು ಹಿಡಿಯುತ್ತದೆ. ಅಲ್ಲಿಗೆ ಚಿಪ್ಪು ಬೇಕು, ನೀರುತಡೆ ಬೇಕು; ಚಳಿತಡೆ ಬೇಡ.

ತೊಟ್ಟು ನೋಡುವ ಕ್ರಮ

ಬೂಟನ್ನು ಸಂಜೆಯ ಹೊತ್ತು ಕೊಳ್ಳಬೇಕು. ದಿನವೆಲ್ಲ ನಡೆದ ಕಾಲು ಬೆಳಗಿನದಕ್ಕಿಂತ ತುಸು ದಪ್ಪವಾಗಿರುತ್ತದೆ. ಕೆಲಸದಲ್ಲಿ ಹಾಕಿಕೊಳ್ಳುವ ದಪ್ಪ ಕಾಲುಚೀಲವನ್ನೇ ಒಯ್ದು ಅದರೊಡನೆ ತೊಟ್ಟು ನೋಡಬೇಕು. ಹೆಬ್ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟಾದರೂ ಜಾಗ ಉಳಿಯಬೇಕು, ಹಿಮ್ಮಡಿ ಮೇಲೇಳಬಾರದು. ಆಮೇಲೆ ಅಂಗಡಿಯಲ್ಲೇ ಕುಕ್ಕರಗಾಲಿನಲ್ಲಿ ಕೂತು ನೋಡಬೇಕು. ನಿಂತಾಗ ಹಿತವಾಗಿದ್ದ ಬೂಟಿನ ಚಿಪ್ಪಿನ ಹಿಂದಂಚು ಕೂತಾಗ ಬೆರಳಿನ ಬುಡವನ್ನು ಒತ್ತಿದರೆ ಆ ಬೂಟು ಬೇಡ. ಚರ್ಮ ಸಡಿಲಾದೀತು, ಚಿಪ್ಪು ಸಡಿಲಾಗದು.

ಅಳತೆಯ ಅಂಕಿಯನ್ನು ಪೂರ್ಣ ನಂಬಬಾರದು. ನಮ್ಮ ದೇಶದಲ್ಲಿ ರೂಢಿಯಲ್ಲಿರುವುದು ಇಂಗ್ಲಿಷ್ ಅಳತೆ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದಾದ್ಯಂತ ಸುಮಾರು ಒಂದು ಲಕ್ಷ ಜನರ ಪಾದಗಳನ್ನು ಅಳೆದಾಗ ಭಾರತೀಯರ ಪಾದ ಪಾಶ್ಚಾತ್ಯರದಕ್ಕಿಂತ ಅಗಲವೆಂದು ಕಂಡುಬಂತು. ಅಗಲ ಸಾಲದಿದ್ದರೆ ಉದ್ದ ಹೆಚ್ಚಿಸಿಕೊಳ್ಳುವುದಕ್ಕಿಂತ ಮುಂಭಾಗ ಅಗಲವಾದ ಮಾದರಿಯನ್ನು ಕೇಳಿ ಪಡೆಯುವುದು ಲೇಸು.

ಚಳಿ ಹೆಚ್ಚೆಂದು ಎರಡು ಜೊತೆ ಕಾಲುಚೀಲ ಹಾಕಿ ಬೂಟಿನೊಳಗೆ ಕಾಲನ್ನು ತುರುಕುವ ಅಭ್ಯಾಸ ಅನೇಕರಿಗುಂಟು. ಇದರಿಂದ ಗಾಳಿಯ ಪದರ ಹಿಂಡಿಹೋಗುತ್ತದೆ, ರಕ್ತ ಹರಿಯುವುದು ಕುಂದುತ್ತದೆ, ಕಾಲು ಇನ್ನೂ ತಣ್ಣಗಾಗುತ್ತದೆ. ಸಡಿಲವಾಗಿ ಕೂಡುವ ಒಂದೇ ಉಣ್ಣೆಯ ಚೀಲ ಬಿಗಿಯಾದ ಎರಡು ಚೀಲಗಳಿಗಿಂತ ಮೇಲು. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿಯೂ ಒದ್ದೆಯೆನಿಸದು. ಹತ್ತಿ ನೆನೆದರೆ ಮೈಗೆ ಅಂಟುತ್ತದೆ. ಊಟದ ಡಬ್ಬಿಯ ಜೊತೆಗೆ ಇನ್ನೊಂದು ಒಣಚೀಲವನ್ನು ಕಟ್ಟಿಕೊಟ್ಟು, ಮಧ್ಯಾಹ್ನ ಬದಲಾಯಿಸುವಂತೆ ಹೇಳುವುದಕ್ಕಿಂತ ಅಗ್ಗದ ಔಷಧ ಬೇರೆ ಇಲ್ಲ.

ಮನೆಯಲ್ಲಿ ಆರೈಕೆ

ಒದ್ದೆ ಬೂಟನ್ನು ಒಲೆಯ ಬಳಿಯಾಗಲಿ ಹೀಟರಿನ ಮುಂದಾಗಲಿ ಒಣಗಿಸಬಾರದು. ಚರ್ಮ ಬಿರಿದು ಅಟ್ಟೆಯ ಅಂಟು ಬಿಡುತ್ತದೆ. ಒಳಗಿನ ಹಾಸು ತೆಗೆದು, ಹಳೆಯ ವರ್ತಮಾನಪತ್ರಿಕೆಗಳನ್ನು ಉಂಡೆ ಮಾಡಿ ತುಂಬಿ (ಈ ಪತ್ರಿಕೆಯನ್ನಲ್ಲ!) ಗಾಳಿಯಾಡುವ ಕಡೆ ಇಡಬೇಕು. ಒಂದು ರಾತ್ರಿಯಲ್ಲಿ ದಪ್ಪ ಬೂಟು ಪೂರ್ತಿ ಒಣಗುವುದಿಲ್ಲವಾದ್ದರಿಂದ ಸಾಧ್ಯವಿದ್ದವರು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ ಎರಡೂ ಹೆಚ್ಚು ಕಾಲ ಬರುತ್ತವೆ.

ನಮ್ಮ ಮನೆಗಳಲ್ಲಿ ಒಳ್ಳೆಯ ವಸ್ತುವನ್ನು ಬಳಸದೆ ಅಟ್ಟದ ಮೇಲೆ ಎತ್ತಿಡುವ ಸದ್ಗುಣವೊಂದಿದೆ. ಬೂಟಿನ ವಿಷಯದಲ್ಲಿ ಅದು ದುರ್ಗುಣ. ಪಾಲಿಯುರಿಥೇನಿನ ಅಟ್ಟೆ ಗಾಳಿಯ ತೇವವನ್ನು ಹೀರಿ, ಬಳಸದೆ ಇಟ್ಟರೂ ಕೆಲವು ವರ್ಷಗಳಲ್ಲಿ ಹಳೆಯ ರೊಟ್ಟಿಯಂತೆ ಪುಡಿಯಾಗುತ್ತದೆ. ಕಡಲ ತೀರದ ಊರುಗಳಲ್ಲಿ ಇನ್ನೂ ಬೇಗ. ಕೊಳ್ಳುವಾಗ ತಯಾರಾದ ತಿಂಗಳು, ವರ್ಷ ನೋಡಬೇಕೆಂದು ಹೇಳಿದ್ದು ಇದಕ್ಕಾಗಿಯೇ. ಅರ್ಧ ಬೆಲೆಗೆ ಸಿಕ್ಕಿದ ಬೂಟು ಅಂಗಡಿಯ ಮೂಲೆಯಲ್ಲಿ ನಾಲ್ಕು ವರ್ಷ ಕೂತಿದ್ದದ್ದಾಗಿದ್ದರೆ ಅದು ಅಗ್ಗವಲ್ಲ.

ಹಣ ಕೊಡುವವರು ಯಾರು?

ಕೊನೆಯದಾಗಿ ಹಣದ ಮಾತು. ಇಂಥ ಬೂಟು ಸಾಮಾನ್ಯ ಬೂಟಿಗಿಂತ ಹಲವು ಪಾಲು ದುಬಾರಿ. ದಿನಗೂಲಿಯವನು ಎಲ್ಲಿಂದ ತರಬೇಕು? ಅವನೇ ತರಬೇಕೆಂದು ಕಾನೂನೂ ಹೇಳಿಲ್ಲ. ಗಣಿಗಳಲ್ಲಿ ಕಾಲಿನ ರಕ್ಷಣೆಯ ಬೂಟನ್ನು ಮಾಲೀಕನೇ ಪುಕ್ಕಟೆಯಾಗಿ ಕೊಡಬೇಕೆಂದು 1961ರ ಲೋಹಗಣಿ ನಿಯಮಗಳು ವಿಧಿಸಿದವು. ನೀರಿನಲ್ಲಾಗಲಿ ಹಸಿ ಕಾಂಕ್ರೀಟಿನಲ್ಲಾಗಲಿ ದುಡಿಯುವ ಕಟ್ಟಡ ಕಾರ್ಮಿಕನಿಗೆ ನೀರು ಹೋಗದ ಬೂಟು ಕೊಡಬೇಕೆಂದು 1998ರ ಕೇಂದ್ರ ನಿಯಮಗಳು ಹೇಳಿದವು. ಕೇಳಿದರೆ ಕೆಲಸ ಹೋದೀತೆಂಬ ಅಂಜಿಕೆಯಿಂದ ಅನೇಕರು ಕೇಳುವುದಿಲ್ಲ. ಒಬ್ಬನೇ ಕೇಳುವುದಕ್ಕಿಂತ ಗುಂಪಿನವರೆಲ್ಲ ಸೇರಿ, ಓದುಬರಹ ಬಲ್ಲವರಿಂದ ಅರ್ಜಿ ಬರೆಸಿ ಕೇಳುವುದು ಕ್ಷೇಮ. ಹೊರನಾಡಿನಲ್ಲಿ ಭಾಷೆ ಬಾರದವರಿಗೆ ಇಷ್ಟು ಸಹಾಯ ಮಾಡುವುದು ನಮ್ಮ ಸಂಘಗಳಿಗೆ ಭಾರವಾಗಲಾರದು.

ಬೂಟು ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ಅಲ್ಲ. ಕಚೇರಿಗಳಲ್ಲಿ ಕಡತ ಬರೆಯುವ ನಮ್ಮಂಥವರಿಗೆ ತಿಳಿದ ಸಂಗತಿಯೊಂದಿದೆ. ಬೇಡಿಕೆಪಟ್ಟಿಯಲ್ಲಿ "ಬೂಟು, ಕಪ್ಪು, ಇಷ್ಟು ಜೊತೆ" ಎಂದಷ್ಟೇ ಬರೆದರೆ ಅತಿ ಕಡಿಮೆ ದರದವನ ಕಪ್ಪು ಬೂಟೇ ಬರುತ್ತದೆ. ನಿಯಮದ ಪ್ರಕಾರ ಬೇರೆಯದನ್ನು ತರಿಸಲೂ ಬರುವುದಿಲ್ಲ. ಮಾನಕದ ಸಂಖ್ಯೆ, ಭಾಗ 2, ಡಬ್ಲ್ಯು.ಆರ್., ಸಿ.ಐ., ಅಗಲದ ಅಳತೆ, ಆರು ತಿಂಗಳಿಗಿಂತ ಹಳೆಯದಲ್ಲದ ತಯಾರಿಕೆ ಎಂದು ಆರು ಮಾತು ಹೆಚ್ಚು ಬರೆದರೆ ಅದೇ ನಿಯಮ ಒಳ್ಳೆಯ ಬೂಟನ್ನು ತಂದುಕೊಡುತ್ತದೆ. ಖರೀದಿ ವಿಭಾಗಗಳಲ್ಲಿ, ಗುತ್ತಿಗೆದಾರರ ಕಚೇರಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಕಡಮೆಯೇನಲ್ಲ. ಅವರು ಬರೆಯುವ ಆ ಒಂದು ಸಾಲು ಎಲ್ಲೋ ಸುರಂಗದಲ್ಲಿ ನಿಂತವನ ಐದು ಬೆರಳುಗಳನ್ನು ಉಳಿಸಬಲ್ಲದು.

ಒಟ್ಟಿನಲ್ಲಿ ಬೂಟನ್ನು ಆರಿಸುವ ಮೊದಲು ಕೆಲಸವನ್ನು ತಿಳಿಯಬೇಕು. ಏನು ಬೀಳುತ್ತದೆ, ನೀರು ಎಲ್ಲಿಯವರೆಗೆ, ಚಳಿ ಎಷ್ಟು, ನಿಲ್ಲುವ ಕೆಲಸವೋ ನಡೆಯುವ ಕೆಲಸವೋ ಎಂಬ ನಾಲ್ಕು ಪ್ರಶ್ನೆಗಳನ್ನು ದುಡಿಯುವವನನ್ನೇ ಕೂಡಿಸಿ ಕೇಳಿದರೆ ಅರ್ಧ ಆಯ್ಕೆ ಮನೆಯಲ್ಲೇ ಆಗಿಹೋಗುತ್ತದೆ. ಉಳಿದರ್ಧಕ್ಕೆ ಬೂಟಿನ ನಾಲಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆಯೊಂದಿದ್ದರೆ ಸಾಕು.